ಅರಮನೆಯ ಗೇಲಿಗೆ ಕಾಯ್ದೆ, ಜಾತ್ರೆಯ ಆಟಕ್ಕೆ ವಿನಾಯಿತಿ

ಗೋಕಾಕ, ಮೂಡಲಗಿ, ಮುಧೋಳ ಸೀಮೆಯ ಜಾತ್ರೆಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಬಯಲಾಟ ನೋಡಿದವರಿಗೆ ಗೊತ್ತು, ದ್ವಾರಕೆಯ ಅರಮನೆಗೆ ಅಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಎಂದು. ನಾರದ ತಂದ ಹೂವು ರುಕ್ಮಿಣಿಯ ಮುಡಿ ಸೇರುತ್ತದೆ. ಸತ್ಯಭಾಮೆ ಸಿಟ್ಟಾಗಿ ಕೃಷ್ಣನನ್ನು ದೂರ ಇಡುತ್ತಾಳೆ. ಹದಿನಾರು ಸಾವಿರ ಹೆಂಡಿರ ಗಂಡ ಒಬ್ಬ ಹೆಂಡತಿಯ ಮುಂದೆ ಗೋಗರೆಯುತ್ತಾನೆ, ಕಡೆಗೆ ಕೊರವಂಜಿಯ ವೇಷ ಹಾಕಿ ಕಣಿ ಹೇಳಲು ಬರುತ್ತಾನೆ. ಇವರ ನಡುವೆ ಭಾಗವತ ಇದ್ದಾನಲ್ಲ, ಅವನು ಹಾಡು ಎತ್ತಿಕೊಡುವವನೂ ಹೌದು, ಅರಮನೆಯ ಒಳಗುಟ್ಟನ್ನೆಲ್ಲ ಬೀದಿಗೆ ತರುವವನೂ ಹೌದು. ಗೊಲ್ಲತಿಯ ಜೊತೆಗಿನ ಅವನ ಮಾತಿನ ಜಟಾಪಟಿಯನ್ನು ಹಾಗೇ ಅಚ್ಚು ಮಾಡಿದರೆ ಸಂಪಾದಕರಿಗೆ ಪತ್ರಗಳ ಸುರಿಮಳೆ ಆದೀತು. ಅದೇ ಮಾತನ್ನು ಅಜ್ಜಿಯರು, ಮೊಮ್ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂತು ಕೇಳಿ ನಗುತ್ತಾರೆ.

ಬ್ರಿಟಿಷರ ಕಾಲದಲ್ಲಿ ನಾಟಕಗಳನ್ನು ನಿಲ್ಲಿಸಲೆಂದೇ ಒಂದು ಕಾಯ್ದೆ ಇತ್ತು. ಅರಸು ಮನೆತನವನ್ನು ಗೇಲಿ ಮಾಡಿದ ಪೋಲಿ ನಾಟಕದಿಂದಲೇ ಅದು ಹುಟ್ಟಿದ್ದು. ಬೆಳಗಾವಿ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಕಾಯ್ದೆ ಇಲ್ಲಿಗೂ ಅನ್ವಯವಾಗುತ್ತಿತ್ತು. ಹಾಗಾದರೆ ಪಾರಿಜಾತದ ಭಾಗವತ ಹೇಗೆ ಪಾರಾದ? ಅದಕ್ಕೆ ಲಂಡನ್ನಿನಿಂದಲೇ ಶುರು ಮಾಡಬೇಕು.

1670ರ ದಶಕದಲ್ಲಿ, ಎರಡನೇ ಚಾರ್ಲ್ಸ್ ದೊರೆಯಾಗಿದ್ದಾಗ, ಅವನ ಆಸ್ಥಾನದ ಭೋಗವನ್ನು ಹಸಿಹಸಿಯಾಗಿ ಲೇವಡಿ ಮಾಡುವ ಒಂದು ಪ್ರಹಸನ ಕೈಬರಹದಲ್ಲಿ ಹರಿದಾಡುತ್ತಿತ್ತು. ರೋಚೆಸ್ಟರ್ ಪಟ್ಟದ ಜಾನ್ ವಿಲ್ಮಾಟ್ ಬರೆದದ್ದು ಎಂಬ ಮಾತಿದೆ, ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಅದರ ಅಶ್ಲೀಲತೆಯ ಬಗ್ಗೆ ಮಾತ್ರ ಎಲ್ಲರೂ ಒಪ್ಪುತ್ತಾರೆ. ಕೈಯಿಂದ ಕೈಗೆ ಹೋಗುವ ಹಾಳೆಗಳಿಗೆ ದೊರೆ ಅಷ್ಟಾಗಿ ಹೆದರಲಿಲ್ಲ. ರಂಗದ ಮೇಲೆ ನೂರಾರು ಜನ ಒಟ್ಟಿಗೆ ನಕ್ಕಾಗ ಭಯ ಶುರುವಾಗುತ್ತದೆ, ಆ ಭಯ 1737ರಲ್ಲಿ ಬಂತು.

ಆಗ ಎರಡನೇ ಜಾರ್ಜ್ ದೊರೆ, ರಾಬರ್ಟ್ ವಾಲ್ಪೋಲ್ ಪ್ರಧಾನಿ. ಅದೇ ವರ್ಷ ಒಂದು ಪತ್ರಿಕೆಯಲ್ಲಿ ‘ಬಂಗಾರದ ಕುಂಡಿ’ಯ ಕನಸು ಎಂಬ ರೂಪಕ ಬರಹ ಬಂತು. ಹಿಂದೆಯೇ ಚಿತ್ರವೂ ಬಂತು: ದೊರೆ ಪೀಠದ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಾನೆ, ರಾಣಿ ಕ್ಯಾರೊಲಿನ್ ಅವನಿಗೆ ಎನಿಮಾ ಕೊಡುತ್ತಿದ್ದಾಳೆ, ಪಕ್ಕದಲ್ಲಿ ಮಾಂತ್ರಿಕನಂತೆ ವಾಲ್ಪೋಲ್. ಇದನ್ನೇ ಹಿಡಿದು ಯಾರೋ ‘ದಿ ಗೋಲ್ಡನ್ ರಂಪ್’ ನಾಟಕ ಬರೆದರು. ಹೆನ್ರಿ ಗಿಫರ್ಡ್ ಎಂಬ ನಾಟಕ ಕಂಪನಿಯ ಮಾಲೀಕ ಅದನ್ನು ಆಡುವ ಬದಲು ಹಸ್ತಪ್ರತಿಯನ್ನು ನೇರ ವಾಲ್ಪೋಲ್ ಕೈಗಿಟ್ಟ. ವಾಲ್ಪೋಲ್ ಅದರ ಹೊಲಸು ಭಾಗಗಳನ್ನು ಸಂಸತ್ತಿನಲ್ಲಿ ಎತ್ತಿ ತೋರಿಸಿದ, ಸದಸ್ಯರು ಹೌಹಾರಿದರು, ಜೂನ್‌ನಲ್ಲಿ ಲೈಸೆನ್ಸಿಂಗ್ ಕಾಯ್ದೆ ಪಾಸಾಯಿತು. ಅಂದಿನಿಂದ ಹೊಸ ನಾಟಕ ಆಡಬೇಕಾದರೆ ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲೇನ್ ಮೊದಲು ಓದಿ ಒಪ್ಪಬೇಕು.

ಸೋಜಿಗವೆಂದರೆ ಆ ನಾಟಕದ ಪ್ರತಿ ಇವತ್ತು ಎಲ್ಲೂ ಇಲ್ಲ. ವಾಲ್ಪೋಲನೇ ಅದನ್ನು ಬರೆಸಿದ್ದ ಎಂಬ ಗುಮಾನಿ ಆಗಲೇ ಇತ್ತು, ಈಗಲೂ ಇದೆ. ಬಹಳ ದಿನಗಳಿಂದ ಅವನನ್ನು ಕಾಡುತ್ತಿದ್ದದ್ದು ಹೆನ್ರಿ ಫೀಲ್ಡಿಂಗನ ರಾಜಕೀಯ ನಾಟಕಗಳು. ಲಂಚಕೋರತನವನ್ನು ಆಡಿ ತೋರಿಸುತ್ತಾರೆ ಎಂದು ಸಂಸತ್ತಿಗೆ ದೂರು ಕೊಟ್ಟರೆ ಅರ್ಧ ಸಭೆ ಒಳಗೊಳಗೇ ನಕ್ಕೀತು. ದೊರೆಯ ಕುಂಡಿ ತೋರಿಸುತ್ತಾರೆ ಅಂದರೆ ಯಾರೂ ಎದುರಾಡುವ ಹಾಗಿಲ್ಲ. ನನ್ನ ಲೆಕ್ಕದಲ್ಲಿ ಈ ಇಡೀ ಇತಿಹಾಸದ ಕೀಲಿ ಇಲ್ಲೇ ಇದೆ. ನೋವು ಆಗುವುದು ಅಧಿಕಾರಕ್ಕೆ, ದೂರು ಬರೆಸುವುದು ಅಶ್ಲೀಲದ ಹೆಸರಿನಲ್ಲಿ. ಫೀಲ್ಡಿಂಗ್ ನಾಟಕ ಬಿಟ್ಟು ಕಾದಂಬರಿಗೆ ಹೋದ. ಲಾರ್ಡ್ ಚೇಂಬರ್ಲೇನನ ಈ ಅಧಿಕಾರ ಹೋಗಲು 1968ರ ತನಕ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಇದೇ ಆಟ ಕಲಕತ್ತೆಯಲ್ಲಿ ನಡೆಯಿತು, ಹೆಚ್ಚುಕಮ್ಮಿ ಅದೇ ವರಸೆಯಲ್ಲಿ.

1875ರಲ್ಲಿ ಬರೋಡೆಯ ಮಲ್ಹಾರರಾವ್ ಗಾಯಕವಾಡನನ್ನು ಬ್ರಿಟಿಷರು ಗಾದಿಯಿಂದ ಇಳಿಸಿದರು. ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ರೆಸಿಡೆಂಟ್ ಫೇರ್‌ಗೆ ವಿಷ ಹಾಕಿಸಿದ ಎಂಬುದು ಆರೋಪ. ವಿಷದಲ್ಲಿ ವಜ್ರದ ಪುಡಿಯೂ ಇತ್ತು ಎಂಬ ಸುದ್ದಿ ನಾಟಕಕಾರರಿಗೆ ಹಬ್ಬವಾಯಿತು. ಮರಾಠಿಯಲ್ಲಿ ನಾಟಕ ಬಂತು, ಬಂಗಾಳಿಯಲ್ಲಿ ಅಮೃತಲಾಲ್ ಬಸು ‘ಹೀರಕ ಚೂರ್ಣ’ವನ್ನೇ ಬರೆದರು. ದೊರೆಮನೆಯ ಗುಟ್ಟಿಗೆ ಟಿಕೆಟ್ ಮಾರಬಹುದು ಎಂದು ಕಂಪನಿಗಳಿಗೆ ಗೊತ್ತಾಗಿತ್ತು.

ಆ ವರ್ಷದ ಡಿಸೆಂಬರ್ ಕೊನೆಗೆ ವಿಕ್ಟೋರಿಯಾ ರಾಣಿಯ ಮಗ, ಪ್ರಿನ್ಸ್ ಆಫ್ ವೇಲ್ಸ್, ಕಲಕತ್ತೆಗೆ ಬಂದ. ಜಗದಾನಂದ ಮುಖರ್ಜಿ ಎಂಬ ವಕೀಲರು ಯುವರಾಜನನ್ನು ಮನೆಗೆ ಕರೆದು, ಅಂತಃಪುರದ ಹೆಂಗಸರಿಂದಲೇ ಆರತಿ ಎತ್ತಿಸಿದರು. ಪರಗಂಡಸಿನ ಕಣ್ಣಿಗೆ ಬೀಳದ ಹೆಂಗಸರನ್ನು ಪರದೊರೆಯ ಮುಂದೆ ನಿಲ್ಲಿಸಿದ್ದಕ್ಕೆ ಊರಿಗೆ ಊರೇ ಬಾಯಿಗೆ ಬಂದ ಹಾಗೆ ಮಾತಾಡಿತು. 1876ರ ಫೆಬ್ರವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರ್ ‘ಗಜದಾನಂದ ಮತ್ತು ಯುವರಾಜ’ ಪ್ರಹಸನ ಆಡಿತು. ಪೊಲೀಸರು ನಿಲ್ಲಿಸಿದರು. ಹೆಸರು ಬದಲಿಸಿ ‘ಹನುಮಾನ್ ಚರಿತ್ರ’ ಎಂದು ಆಡಿದರು, ಅದಕ್ಕೂ ತಡೆ. ಆಮೇಲೆ ಪೊಲೀಸರ ಮೇಲೆಯೇ ಒಂದು ನಾಟಕ ಕಟ್ಟಿದರು: ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್, ಆದ್ದರಿಂದ ನಾಟಕದ ಹೆಸರು ‘ಹಂದಿ ಮತ್ತು ಕುರಿಯ ಪೊಲೀಸು’. ಇಂಥ ಹೆಸರುಗಳು ಸಿಕ್ಕರೆ ನಮ್ಮ ಭಾಗವತನೂ ಬಿಡುತ್ತಿರಲಿಲ್ಲ.

ವೈಸರಾಯ್ ನಾರ್ತ್‌ಬ್ರೂಕ್ ಫೆಬ್ರವರಿ 29ರಂದು ಸುಗ್ರೀವಾಜ್ಞೆ ಹೊರಡಿಸಿದ. ಮಾರ್ಚ್ 4ಕ್ಕೆ ಆ ಥಿಯೇಟರಿನ ಉಪೇಂದ್ರನಾಥ ದಾಸ್, ಅಮೃತಲಾಲ್ ಬಸು ಮೊದಲಾದವರ ಬಂಧನವಾಯಿತು. ಯುವರಾಜನನ್ನು ಗೇಲಿ ಮಾಡಿದ್ದಕ್ಕಲ್ಲ! ಬೇರೊಂದು ನಾಟಕ, ‘ಸುರೇಂದ್ರ ವಿನೋದಿನಿ’, ಅಶ್ಲೀಲವಾಗಿದೆ ಎಂಬ ಆರೋಪದ ಮೇಲೆ. ಆ ನಾಟಕದಲ್ಲಿ ಬಂಗಾಳಿ ಹೆಣ್ಣಿನ ಮೇಲೆ ಕೈ ಮಾಡಲು ಹೋಗುವ ಒಬ್ಬ ಬಿಳಿ ಮ್ಯಾಜಿಸ್ಟ್ರೇಟ್ ಇದ್ದ ಎಂಬುದನ್ನು ಮರೆಯಬಾರದು. ಇಬ್ಬರಿಗೂ ಒಂದು ತಿಂಗಳ ಶಿಕ್ಷೆಯಾಯಿತು, ಹೈಕೋರ್ಟು ಬಿಡುಗಡೆ ಮಾಡಿತು. ಇರುವ ಕಾನೂನು ಸಾಲದು ಎಂದು ಸರ್ಕಾರಕ್ಕೆ ಖಾತ್ರಿಯಾಗಿ, ಅದೇ ಡಿಸೆಂಬರ್‌ನಲ್ಲಿ 1876ರ ನಾಟಕ ಪ್ರದರ್ಶನ ಕಾಯ್ದೆ ಬಂತು. ನಿಲ್ಲಿಸಲು ಅದರಲ್ಲಿ ಮೂರು ಕಾರಣ ಕೊಟ್ಟಿದ್ದರು: ಮಾನಹಾನಿ ಮಾಡುವುದು, ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದು, ನೋಡುವವರ ನಡತೆ ಕೆಡಿಸುವುದು. ನಡುವಿನ ಕಾರಣಕ್ಕೆ ಆಚೀಚೆಯ ಎರಡು ಕಾವಲು ನಿಂತಂತಿವೆ.

ಆದರೆ ಕಾಯ್ದೆಯ ಬಾಲದಲ್ಲಿ, 12ನೇ ಕಲಮಿನಲ್ಲಿ, ಒಂದು ಪುಟ್ಟ ವಾಕ್ಯ ಇತ್ತು. ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಜಾತ್ರಾ ಮತ್ತು ಅಂಥ ಇತರ ಆಟಗಳಿಗೆ ಇದು ಅನ್ವಯಿಸುವುದಿಲ್ಲ. ಬರೆದವರ ಕಣ್ಣ ಮುಂದೆ ಇದ್ದದ್ದು ಬಂಗಾಳದ ಜಾತ್ರಾ, ಅಲ್ಲಿಯ ಬಯಲಾಟ. ದೇವರ ಹೆಸರಿನ ಆಟಕ್ಕೆ ಕೈ ಹಾಕಿದರೆ ಜನ ಸಿಡಿದೇಳುತ್ತಾರೆ ಎಂಬ ಅಂಜಿಕೆ 1857ರ ನಂತರದ ಸರ್ಕಾರಕ್ಕೆ ಇದ್ದೇ ಇತ್ತು. ಆ ಒಂದು ವಾಕ್ಯದ ನೆರಳು ಬೆಳಗಾವಿ ಸೀಮೆಯ ಊರ ಜಾತ್ರೆಗಳ ಮೇಲೂ ಬಿತ್ತು.

ಪಾರಿಜಾತ ಅಷ್ಟರಲ್ಲಿ ಈ ಮಣ್ಣಿನಲ್ಲಿ ಬೇರು ಬಿಟ್ಟಿತ್ತು. ಮೂಲ ಕೃತಿ ಅಪರಾಳ ತಮ್ಮಣ್ಣನದು, ಅದನ್ನು ರಂಗಕ್ಕೆ ತಕ್ಕಂತೆ ತಿದ್ದಿ ಬೆಳೆಸಿದವನು ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಆ ರಂಗಕ್ಕೆ ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬಂದು ಊರೂರು ಗೆದ್ದಳು. ನಕಾಶೆ ತೆಗೆದು ನೋಡಿ: ಈ ಆಟ ಹಬ್ಬಿದ್ದು ಸಣ್ಣ ಸಣ್ಣ ಸಂಸ್ಥಾನಗಳ ನಡುವೆ. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು, ರಾಮದುರ್ಗದಲ್ಲಿ ಭಾವೆಯವರು. ಬೆಳಗಾವಿಗೆ ಅಂಟಿಕೊಂಡ ಶಹಾಪುರ ಕೂಡ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಪ್ರೇಕ್ಷಕರು ನಿಜವಾದ ರಾಜರ ಕೈಕೆಳಗೆ ಬದುಕುತ್ತಿದ್ದರು, ವಾಡೆಯೊಳಗಿನ ಸವತಿ ಜಗಳ ಅವರಿಗೆ ಪುರಾಣವಷ್ಟೇ ಆಗಿರಲಿಲ್ಲ. ಕೃಷ್ಣನ ಫಜೀತಿ ನೋಡಿ ನಕ್ಕವರಿಗೆ ಯಾರ ನೆನಪಾಯಿತು ಎಂದು ಯಾವ ಪೊಲೀಸ್ ಪಾಟೀಲನೂ ಕೇಳುವಂತಿರಲಿಲ್ಲ.

ಪುರಾಣದ ಕತೆ ಎಂಬುದೊಂದೇ ಸಾಕಾಗುತ್ತಿತ್ತೇ? ಸಾಲದು. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ಮರಾಠಿ ನಾಟಕ ‘ಕೀಚಕ ವಧ’ವೂ ಮಹಾಭಾರತದ್ದೇ. ವಿರಾಟನ ಆಸ್ಥಾನ, ಸೈರಂಧ್ರಿಯ ಮೇಲೆ ಕಣ್ಣು ಹಾಕುವ ಕೀಚಕ. 1907ರಲ್ಲಿ ಅದನ್ನು ನೋಡಿದವರಿಗೆ ಕೀಚಕ ಅಂದರೆ ವೈಸರಾಯ್ ಆಗಿದ್ದ ಕರ್ಜನ್, ಸೈರಂಧ್ರಿ ಅಂದರೆ ಭಾರತ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. 1910ರಲ್ಲಿ ಮುಂಬಯಿ ಸರ್ಕಾರ ಅದನ್ನು ನಿಷೇಧಿಸಿತು. ವ್ಯತ್ಯಾಸ ಇಷ್ಟೇ: ಅದು ಥಿಯೇಟರಿನಲ್ಲಿ ಟಿಕೆಟ್ ಇಟ್ಟು ಆಡಿದ್ದು, ಇದು ದೇವರ ಜಾತ್ರೆಯಲ್ಲಿ ಬಯಲಿನಲ್ಲಿ ಆಡಿದ್ದು. ಭಾಗವತನ ಮಾತು ಅಚ್ಚಾಗಿರುತ್ತಿರಲಿಲ್ಲ ಎಂಬುದೂ ಒಂದು ಅನುಕೂಲ. ಮಾಮಲೇದಾರ ಮುಂದಿನ ಸಾಲಿನಲ್ಲಿ ಕೂತ ರಾತ್ರಿ ಒಂದು ಮಾತು, ಕೂರದ ರಾತ್ರಿ ಇನ್ನೊಂದು ಮಾತು ಆಡಬಹುದಿತ್ತು.

ಸ್ವಾತಂತ್ರ್ಯ ಬಂದ ಮೇಲೂ ಈ ಕಾಯ್ದೆ ಸಾಯಲಿಲ್ಲ. ಅಲಹಾಬಾದ್ ಹೈಕೋರ್ಟು 1956ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು, ಆದರೂ ಪುಸ್ತಕದಲ್ಲಿ ಉಳಿಯಿತು. ನಮ್ಮ ರಾಜ್ಯ 1964ರಲ್ಲಿ ತನ್ನದೇ ನಾಟಕ ಪ್ರದರ್ಶನ ಕಾಯ್ದೆ ಮಾಡಿಕೊಂಡಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ಯಲ್ಲಿ ಇದೇ ಸೀಮೆಯ ಬಯಲಾಟದ ಪೋಲಿತನವನ್ನು ಎತ್ತಿಕೊಂಡು, ಅರಸನ ಜಾಗದಲ್ಲಿ ಊರಗೌಡನನ್ನು ಕೂರಿಸಿದರು. ಬಂದೂಕು, ಹೊಲ ಎಲ್ಲ ಇದ್ದೂ ಮಕ್ಕಳಿಲ್ಲದ ಗೌಡ. 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದಾಗ ನಗರದ ಪ್ರೇಕ್ಷಕರಿಗೆ ಹೊಸದೆನಿಸಿದ್ದು ಘಟಪ್ರಭೆಯ ದಂಡೆಯವರಿಗೆ ಹಳೇ ಪರಿಚಯ.

ಪೋಲಿ ಮಾತು ಈಗಲೂ ಧಾರಾಳವಾಗಿಯೇ ಇದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ಸಾಲಾಗಿ ಡೇರೆ ಹಾಕಿದ ನಾಟಕ ಕಂಪನಿಗಳ ಬೋರ್ಡು ಓದಿದರೆ ಸಾಕು. ಡಬಲ್ ಮೀನಿಂಗ್ ಜಾಸ್ತಿಯಾಯಿತು ಎಂದು ಗೊಣಗುವವರಿಗೂ ಬರವಿಲ್ಲ. ನನ್ನ ತಕರಾರು ಬೇರೆ. ಆ ಮಾತುಗಳ ಗುರಿ ಈಗ ಬಹುಪಾಲು ಮಗ್ಗುಲ ಮನೆಯ ಹೆಂಡತಿ, ಹೊಸ ಸೊಸೆ, ಮದುವೆಯಾಗದ ಮಾಸ್ತರ. ಗಾದಿಯ ಮೇಲೆ ಕೂತವರ ಹತ್ತಿರ ಅವು ಸುಳಿಯುವುದು ಅಪರೂಪ. ಶಾಸಕರು ಉದ್ಘಾಟನೆಗೆ ಬಂದಿರುತ್ತಾರೆ, ವೇದಿಕೆಯ ಮೇಲೆ ಅವರ ಫೋಟೋ ಇರುತ್ತದೆ.

1876ರ ಕಾಯ್ದೆಯನ್ನು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ನೂರಾರು ಹಳೇ ಕಾಯ್ದೆಗಳ ಜೊತೆಗೆ ರದ್ದು ಮಾಡಿತು. ಅದರ ಜೊತೆಗೆ 12ನೇ ಕಲಮಿನ ವಿನಾಯಿತಿಯೂ ಹೋಯಿತು. ಇವತ್ತು ಪಾರಿಜಾತದ ಮೇಳಕ್ಕೆ ಅಡ್ಡ ಬರುವುದು ಶಬ್ದ ಮಾಲಿನ್ಯದ 2000ದ ನಿಯಮಗಳು. ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಬೆಳತನಕ ಆಡುವ ಆಟವನ್ನು ಎರಡು ತಾಸಿಗೆ ಇಳಿಸಬೇಕೆಂದರೆ ಭಾಮೆಯ ಸಿಟ್ಟನ್ನು ಬಿಡಲಾಗದು, ಕೊರವಂಜಿಯನ್ನೂ ಬಿಡಲಾಗದು. ಕತ್ತರಿಗೆ ಸಲೀಸಾಗಿ ಸಿಗುವುದು ಕತೆಗೆ ಬೇಕೇಬೇಕು ಅನಿಸದ ಗೊಲ್ಲತಿಯ ಪ್ರಸಂಗ, ಆಮೇಲೆ ಭಾಗವತನ ಮಾತು.