ಡೋಸ್ ಅಂದರೆ ಸಿಟ್ಟಿಂಗ್ ಅಲ್ಲ

"ಅವರಿಗೆ 25 ಡೋಸ್ ಕೊಟ್ಟರು, ನಮ್ಮ ಚಿಕ್ಕಮ್ಮನಿಗೆ ಬರೀ 15. ಯಾಕೆ ಕಡಿಮೆ ಮಾಡಿದರೋ?" ವಿರಾಜಪೇಟೆ, ಗೋಣಿಕೊಪ್ಪ ಕಡೆ ಕ್ಯಾನ್ಸರಿಗೆ ಕೊಡುವ ರೇಡಿಯೇಶನ್ (ಕಿರಣ ಚಿಕಿತ್ಸೆ) ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಇದೇ ಅನುಮಾನದಲ್ಲಿ ಚಿಕಿತ್ಸೆ ನಡುವೆ ಆಸ್ಪತ್ರೆ ಬದಲಿಸಲು ಹೊರಟವರೂ ಇದ್ದಾರೆ. ಒಂದು ಪದ ತಪ್ಪಾಗಿ ಬಳಕೆಯಾಗಿ ಇಷ್ಟು ದೂರ ಬರಬಾರದು.

ಆ 15 ಡೋಸ್ ಅಲ್ಲ, ಸಿಟ್ಟಿಂಗ್, ಅಂದರೆ ಎಷ್ಟು ಸಲ ಕಿರಣ ಹಾಯಿಸಿದರು ಎಂಬ ಎಣಿಕೆ. ಫೈಲಿನಲ್ಲಿ ಫ್ರ್ಯಾಕ್ಷನ್ ಅಂತ ಬರೆದಿರುತ್ತಾರೆ. ಡೋಸ್ ಅಳೆಯುವುದು ಗ್ರೇ ಎಂಬ ಮಾನದ ಲೆಕ್ಕದಲ್ಲಿ. ಸ್ತನ ಕ್ಯಾನ್ಸರಿಗೆ ಹಳೆಯ ಕ್ರಮ ದಿನಕ್ಕೆ 2 ಗ್ರೇಯಂತೆ 25 ಸಿಟ್ಟಿಂಗ್, ಒಟ್ಟು 50 ಗ್ರೇ. ಈಗ ಬಹಳ ಕಡೆ ದಿನಕ್ಕೆ ಸುಮಾರು 2.67 ಗ್ರೇಯಂತೆ 15 ಸಿಟ್ಟಿಂಗ್, ಒಟ್ಟು 40 ಗ್ರೇ. ದಿನದ ಪಾಲು ದೊಡ್ಡದಾದರೆ ಗಡ್ಡೆಯ ಕೋಶಗಳಿಗೆ ಬೀಳುವ ಪೆಟ್ಟೂ ದೊಡ್ಡದು. ಅದಕ್ಕೇ ಒಟ್ಟು ಅಂಕಿ ಇಳಿಸುತ್ತಾರೆ. ರೋಗ ಮರಳದಂತೆ ತಡೆಯುವುದರಲ್ಲಿ ಹೊಸ ಕ್ರಮ ಹಳೆಯದಕ್ಕಿಂತ ಹಿಂದಿಲ್ಲ ಎಂದು ದೊಡ್ಡ ಪ್ರಯೋಗಗಳಲ್ಲಿ ಕಂಡುಬಂದಿದೆ. ಸಿಟ್ಟಿಂಗ್ ಎಣಿಸಿ ಹೋಲಿಸುವುದನ್ನು ದಯವಿಟ್ಟು ಬಿಡಿ.

ಕೋವಿಡ್ ಲಸಿಕೆ ಕಾಲದಲ್ಲಿ ಮೊದಲ ಡೋಸ್, ಎರಡನೇ ಡೋಸ್ ಅಂತ ಎಣಿಸಿ ಎಣಿಸಿ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಯಿತು. ಆದರೆ ಗೊಂದಲದ ಬೇರು ಪದದಲ್ಲೇ ಇದೆ. ಡೋಸ್ ಬಂದದ್ದು ಗ್ರೀಕಿನ ಡೋಸಿಸ್‌ನಿಂದ. ಅದರ ಅರ್ಥ ಕೊಡುವುದು, ಕೊಟ್ಟದ್ದು. ನಾವು ಸಂಸ್ಕೃತದಿಂದ ಪಡೆದ ದಾನ ಕೂಡ ಅದೇ ಮೂಲದ ನೆಂಟ. ಟಾನಿಕ್ಕಿಗೆ ಈ ಅರ್ಥ ಸರಿಹೋಗುತ್ತದೆ. 5 ಎಂಎಲ್ ಕೊಟ್ಟರೆ ಡೋಸ್ 5 ಎಂಎಲ್, ಅಷ್ಟೇ. ರೇಡಿಯೇಶನ್ನಿನಲ್ಲಿ ಮಾತ್ರ ಡೋಸ್ ಅಂದರೆ ಕೊಟ್ಟದ್ದಲ್ಲ, ಮೈ ಹೀರಿಕೊಂಡದ್ದು. 1 ಕೆಜಿ ಅಂಗಾಂಶ 1 ಜೂಲ್ ಶಕ್ತಿ ಹೀರಿದರೆ ಅದು 1 ಗ್ರೇ. ಬ್ರಿಟಿಷ್ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರನ್ನು 1975ರಲ್ಲಿ ಈ ಮಾನಕ್ಕೆ ಇಟ್ಟರು. ಅದಕ್ಕೂ ಮುಂಚೆ ರ‍್ಯಾಡ್ ಇತ್ತು. 100 ರ‍್ಯಾಡ್ ಅಂದರೆ 1 ಗ್ರೇ. ಹಳೇ ಫೈಲಿನಲ್ಲಿ 5000 ರ‍್ಯಾಡ್ ಅಂತ ಕಂಡರೆ ಗಾಬರಿ ಬೇಡ, ಅದು ಇದೇ 50 ಗ್ರೇ.

ಕಾಫಿ ತೋಟದಲ್ಲಿ ತುಕ್ಕುರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರಿಗೆ ಇದು ಬೇಗ ಹೊಳೆಯಬೇಕು. ಬ್ಯಾರಲ್‌ನಿಂದ ಎಷ್ಟು ಖಾಲಿಯಾಯಿತು ಅನ್ನುವುದು ಒಂದು ಲೆಕ್ಕ, ಕಾಫಿ ಎಲೆಯ ಅಡಿಭಾಗಕ್ಕೆ ಎಷ್ಟು ಹಿಡಿಯಿತು ಅನ್ನುವುದು ಇನ್ನೊಂದು. ತುಕ್ಕುರೋಗ ತಡೆಯುವುದು ಎರಡನೆಯದೇ.

ಮೈಯೊಳಗೆ ಈ ಎರಡನೇ ಲೆಕ್ಕ ಸುಲಭವಲ್ಲ. ಗಡ್ಡೆ ಎಷ್ಟು ಆಳದಲ್ಲಿದೆ, ದಾರಿಯಲ್ಲಿ ಮೂಳೆ ಇದೆಯಾ, ಗಾಳಿ ತುಂಬಿದ ಶ್ವಾಸಕೋಶ ಇದೆಯಾ ಎಂಬುದರ ಮೇಲೆ ಡೋಸ್ ಬದಲಾಗುತ್ತದೆ. ಹಾಗಾಗಿ ಸಿಟಿ ಸ್ಕ್ಯಾನ್ ಮೇಲೆ ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸರಿಯಿದೆಯಾ, ಮೆಷಿನ್ ಅದರಂತೆ ನಡೆಯುತ್ತದಾ ಎಂದು ಆಮೇಲೆ ಪರೀಕ್ಷಿಸುತ್ತಾರೆ.

ಈ ಪರೀಕ್ಷೆಗೂ ನಮ್ಮಲ್ಲಿ ತಪ್ಪು ಅರ್ಥವೇ. ಸ್ಕ್ಯಾನ್ ಮಾಡಿ, ತಲೆ ಅಲುಗದಂತೆ ಹಿಡಿಯುವ ಮಾಸ್ಕಿನ ಅಚ್ಚು ತೆಗೆದು, "ಮುಂದಿನ ವಾರ ಬನ್ನಿ, ಡೋಸ್ ಚೆಕ್ ಆಗಬೇಕು" ಅಂದರೆ ಸಾಕು. ಔಷಧಿ ಸ್ಟಾಕ್ ಇಲ್ಲವಂತೆ ಎಂದು ಊರಲ್ಲಿ ಸುದ್ದಿ. ಮೈಸೂರಿಗೋ ಮಂಗಳೂರಿಗೋ, ಮಾಕುಟ್ಟ ಇಳಿದು ತಲಶ್ಶೇರಿಗೋ ಹೋಗಿ ಬರುವವರಿಗೆ ಸುಮ್ನೆ ಒಂದು ಓಡಾಟ ಜಾಸ್ತಿ ಆಯಿತು ಅನಿಸುತ್ತದೆ. ಆ ಸುಸ್ತು ನಿಜ. ಆದರೆ ಸ್ಟಾಕ್ ಎಂಬುದೇ ಇಲ್ಲಿಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಮೆಷಿನ್ ಕಿರಣವನ್ನು ಆ ಹೊತ್ತಿಗೇ ವಿದ್ಯುತ್ತಿನಿಂದ ಹುಟ್ಟಿಸುತ್ತದೆ.

ಕಾಯಿಸುವ ಆ ದಿನಗಳಲ್ಲಿ ಡಾಕ್ಟರು ಗಡ್ಡೆಯ ಗೆರೆ, ಉಳಿಸಬೇಕಾದ ಅಂಗಗಳ ಗೆರೆ ಎಳೆಯುತ್ತಾರೆ. ಕಿರಣದ ಲೆಕ್ಕ ನೋಡಿಕೊಳ್ಳುವ ಮೆಡಿಕಲ್ ಫಿಸಿಸಿಸ್ಟ್ ಪ್ಲಾನ್ ಮಾಡುತ್ತಾರೆ. ಆ ಪ್ಲಾನನ್ನು ಬೇರೊಂದು ದಾರಿಯಲ್ಲಿ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಕಿರಣದ ಬಲ ಜಾಗದಿಂದ ಜಾಗಕ್ಕೆ ಬದಲಾಗುವಂಥ ಸೂಕ್ಷ್ಮ ಪ್ಲಾನ್ ಆದರೆ, ರೋಗಿಯ ಬದಲು ಫ್ಯಾಂಟಮ್ ಎಂಬ ಪ್ಲಾಸ್ಟಿಕ್ ದಿಮ್ಮಿಯನ್ನು ಟೇಬಲ್ ಮೇಲಿಟ್ಟು ಅದೇ ಕಿರಣ ಹಾಯಿಸುತ್ತಾರೆ. ಒಳಗಿನ ಡಿಟೆಕ್ಟರುಗಳು ಅಳೆದದ್ದನ್ನು ಕಂಪ್ಯೂಟರ್ ಲೆಕ್ಕದ ಪಕ್ಕ ಇಡುತ್ತಾರೆ. ಸಾಮಾನ್ಯವಾಗಿ ನೋಡಿದ ಬಿಂದುಗಳಲ್ಲಿ 100ಕ್ಕೆ 95 ಆದರೂ ಮಿತಿಯೊಳಗೆ ಬರಬೇಕು. ಮಿತಿ ಅಂದರೆ ಡೋಸಿನಲ್ಲಿ 3%, ಜಾಗದಲ್ಲಿ 2ರಿಂದ 3 ಮಿಲಿಮೀಟರ್. ಇಷ್ಟೂ ನಡೆಯುವಾಗ ರೋಗಿ ಅಲ್ಲಿರಬೇಕಾಗಿಲ್ಲ. ಇದು ರಕ್ತಪರೀಕ್ಷೆಯಂಥದ್ದಲ್ಲ, ಮೈ ತಡೆಯುತ್ತದಾ ಎಂದು ನೋಡುವುದೂ ಅಲ್ಲ. ಮೆಷಿನ್ ಎಷ್ಟು ಕೊಡುತ್ತಿದೆ ಎಂಬುದನ್ನೂ ದಿನ ಬೆಳಿಗ್ಗೆ ಬೇರೆಯಾಗಿ ನೋಡುತ್ತಾರೆ. ವಿಕಿರಣಶೀಲ ಕೋಬಾಲ್ಟ್ ಲೋಹದಿಂದ ಕಿರಣ ಪಡೆಯುವ ಮೆಷಿನ್ ಇರುವಲ್ಲಿ ಸೋರ್ಸಿನ, ಅಂದರೆ ಆ ಲೋಹದ, ಬಲ ತಿಂಗಳಿಗೆ ಸುಮಾರು 1% ಕುಗ್ಗುತ್ತದೆ. ಹಾಗಾಗಿ ಕಿರಣ ಹಾಯಿಸುವ ಹೊತ್ತಿನ ಲೆಕ್ಕವನ್ನು ತಿದ್ದುತ್ತಲೇ ಇರಬೇಕು.

ಇದೆಲ್ಲ ಅತಿಯಾಯಿತು ಅನ್ನುವವರು 1996ರಲ್ಲಿ ಕೋಸ್ಟರಿಕಾದಲ್ಲಿ ನಡೆದದ್ದನ್ನು ತಿಳಿಯಬೇಕು. ಸಾನ್ ಹೊಸೆಯ ಒಂದು ಆಸ್ಪತ್ರೆಯಲ್ಲಿ ಹೊಸ ಕೋಬಾಲ್ಟ್ ಸೋರ್ಸ್ ಹಾಕಿದರು. ಅದರ ಬಲ ಅಳೆಯುವಾಗ 0.3 ನಿಮಿಷವನ್ನು 30 ಸೆಕೆಂಡ್ ಎಂದು ಹಿಡಿದರು. 0.3 ನಿಮಿಷ ಅಂದರೆ 18 ಸೆಕೆಂಡ್ ಅಲ್ವಾ? ಸೋರ್ಸ್ ಇರುವುದಕ್ಕಿಂತ ದುರ್ಬಲ ಎಂಬ ಲೆಕ್ಕ ಬಂತು. ಎಲ್ಲರಿಗೂ ಜಾಸ್ತಿ ಹೊತ್ತು ಕಿರಣ ಹಾಯಿಸಿದರು. ನೂರಕ್ಕೂ ಹೆಚ್ಚು ಜನರಿಗೆ ಡಾಕ್ಟರು ಬರೆದದ್ದಕ್ಕಿಂತ ಬಹಳ ಜಾಸ್ತಿ ಡೋಸ್ ಬಿತ್ತು. ಅದರಿಂದಲೇ ಪ್ರಾಣ ಕಳೆದುಕೊಂಡವರಿದ್ದಾರೆ. ಇನ್ನೊಬ್ಬರು ಸ್ವತಂತ್ರವಾಗಿ ಒಮ್ಮೆ ಅಳೆದಿದ್ದರೆ ಮೊದಲ ದಿನವೇ ಸಿಕ್ಕಿಬೀಳುವ ತಪ್ಪು ಅದು.

ಚಿಕಿತ್ಸೆ ಮುಗಿದಾಗ ಕೊಡುವ ಸಾರಾಂಶದ ಹಾಳೆಯಲ್ಲಿ ಎರಡೂ ಅಂಕಿ ಇರುತ್ತವೆ, ಉದಾಹರಣೆಗೆ 40 ಗ್ರೇ, 15 ಫ್ರ್ಯಾಕ್ಷನ್. ಯಾವ ಜಾಗಕ್ಕೆ ಎಂಬುದೂ ಇರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ವರ್ಷಗಳ ಮೇಲೆ ಅದೇ ಜಾಗದ ಹತ್ತಿರ ಮತ್ತೆ ರೇಡಿಯೇಶನ್ ಬೇಕಾದರೆ, ಹಿಂದೆ ಎಷ್ಟು ಗ್ರೇ ಬಿದ್ದಿದೆ ಎಂಬುದನ್ನು ನೋಡಿಯೇ ಡಾಕ್ಟರು ಮುಂದಿನದನ್ನು ತೀರ್ಮಾನಿಸುತ್ತಾರೆ. "15 ಸಲ ಕರೆಂಟ್ ಕೊಟ್ಟಿದ್ದರು" ಎಂಬ ಮಾತಿನಿಂದ ಅವರಿಗೆ ಆ ಲೆಕ್ಕ ಸಿಗುವುದಿಲ್ಲ.