ತಳಿ ಬಿಡಿ, ತಟ್ಟೆ, ಟ್ರೇ ನೋಡಿ

ಬೀದಿಯಿಂದ ರಕ್ಷಿಸಿದ ಬೆಕ್ಕನ್ನು ದತ್ತು ಪಡೆದವರು ಮೊದಲ ಸಲ ಚಿಕಿತ್ಸಾಲಯಕ್ಕೆ ಬಂದಾಗ, ಬುಟ್ಟಿಯ ಬಾಗಿಲು ತೆರೆಯುವ ಮೊದಲೇ ಕೇಳುತ್ತಾರೆ: "ಡಾಕ್ಟರೇ, ಇದು ಯಾವ ತಳಿ?" ಬೆಂಗಳೂರಿನ ಬೀದಿ ಬೆಕ್ಕಿಗೆ ತಳಿಯ ಹೆಸರಿಲ್ಲ. ರಸೆಲ್ ಮಾರುಕಟ್ಟೆಯ ಅಂಗಡಿಗಳ ಸಂದಿಯಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲೋ ಹುಟ್ಟಿದ ಮರಿಯ ವಂಶಾವಳಿಯನ್ನು ಬರೆದಿಟ್ಟವರು ಯಾರೂ ಇಲ್ಲ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಉಂಟು. ಬಣ್ಣ ಹೇಳುವುದೂ ಅಷ್ಟಕ್ಕಷ್ಟೇ: ಮೂರು ಬಣ್ಣದ್ದಾದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು, ಕಿತ್ತಳೆ ಬಣ್ಣದವುಗಳಲ್ಲಿ ಗಂಡುಗಳೇ ಹೆಚ್ಚು. ಶಕುನದ ಮಾತಿಗೆ ಕಿವಿಗೊಟ್ಟು ಕಪ್ಪು ಮರಿಯೊಂದನ್ನೇ ಬಿಟ್ಟು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಳಿಯ ಪ್ರಶ್ನೆಗೆ ಅರ್ಥವಿರುವುದು ಪರ್ಷಿಯನ್ ಬೆರಕೆಯಲ್ಲಿ. ದುಡ್ಡು ಕೊಟ್ಟು ತಂದು, ಮನೆ ಬದಲಾಯಿಸುವಾಗ ಬೀದಿಗೆ ಬಿಟ್ಟ ಪರ್ಷಿಯನ್ ಬೆಕ್ಕುಗಳೂ ಅವುಗಳ ಮರಿಗಳೂ ಈ ನಗರದಲ್ಲಿವೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಕಾಯಿಲೆ ಆ ವಂಶದಲ್ಲಿ ಹರಿದು ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷವುಳ್ಳ ಜೀನ್ ಬಂದರೂ ಸಾಕು. ನಿಮ್ಮ ಬೆಕ್ಕಿಗೆ ಚಪ್ಪಟೆ ಮುಖ, ಉದ್ದ ರೋಮ ಇದ್ದರೆ ವರ್ಷ ತುಂಬುವ ಹೊತ್ತಿಗೆ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಉಳಿದ ಬೆಕ್ಕುಗಳ ವಿಷಯದಲ್ಲಿ ನಾನು ತಿಳಿಯಬಯಸುವುದು ಬೇರೆ. ಏನು ತಿಂದಿತು? ಎಷ್ಟು ಸಲ ಮೂತ್ರ ಮಾಡಿತು? ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದರ ಆರೋಗ್ಯದ ಸುದ್ದಿ ಮೊದಲು ತಿಳಿಯುವುದು ಊಟದ ತಟ್ಟೆ ಮತ್ತು ಮಲಮೂತ್ರದ ಟ್ರೇಯಿಂದ.

ಮೊದಲ ದಿನಗಳಲ್ಲಿ ಇಡೀ ಮನೆಯನ್ನು ಅದಕ್ಕೆ ಬಿಟ್ಟುಕೊಡಬೇಡಿ. ಒಂದು ಕೋಣೆ ಸಾಕು: ಅಡಗಲು ರಟ್ಟಿನ ಪೆಟ್ಟಿಗೆ, ನೀರು, ಊಟದಿಂದ ದೂರದಲ್ಲಿ ಟ್ರೇ. ಬೀರುವಿನ ಹಿಂದೆ ಸೇರಿಕೊಂಡರೆ ಎಳೆದು ತೆಗೆಯಬೇಡಿ. ಅದು ನಿಮ್ಮನ್ನು ತಿರಸ್ಕರಿಸುತ್ತಿಲ್ಲ. ಹೊಸ ಜಾಗದ ವಾಸನೆ, ಮಿಕ್ಸಿಯ ಸದ್ದು, ಲಿಫ್ಟಿನ ಗಂಟೆ ಎಲ್ಲವನ್ನೂ ಲೆಕ್ಕ ಹಾಕುತ್ತಿದೆ. ಅದೇ ಕೋಣೆಯ ನೆಲದ ಮೇಲೆ ಕುಳಿತು ಪತ್ರಿಕೆ ಓದಿ. ದಿಟ್ಟಿಸಿ ನೋಡದೆ, ಕಣ್ಣು ನಿಧಾನವಾಗಿ ಮುಚ್ಚಿ ತೆರೆಯಿರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಟ್ಟೆ ಖಾಲಿಯಾಗುತ್ತಿದ್ದರೆ ಅದು ಬರೀ ಭಯ. ಪೂರ್ತಿ ಎರಡು ದಿನ ತಟ್ಟೆ ಮುಟ್ಟದಿದ್ದರೆ "ಒಗ್ಗಿಕೊಳ್ಳುತ್ತದೆ" ಎಂದು ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಮೈ ದಪ್ಪಗಿರುವ ಬೆಕ್ಕಿನಲ್ಲಂತೂ ಬಹು ಬೇಗ.

ಗಂಡು ಬೆಕ್ಕಿರುವ ಮನೆಯವರು ಒಂದು ದೃಶ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗುತ್ತದೆ, ಬೆನ್ನು ಬಾಗಿಸಿ ತಿಣುಕುತ್ತದೆ, ಕೂಗುತ್ತದೆ, ಹೊರಬಂದು ಮೂತ್ರದ್ವಾರವನ್ನು ನೆಕ್ಕುತ್ತದೆ, ಮರಳು ಒದ್ದೆಯಾಗಿರುವುದಿಲ್ಲ. ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ, ಮರುದಿನ ಸಂಜೆ ಕರೆತರುವವರು ಇದ್ದಾರೆ. ಅಷ್ಟರಲ್ಲಿ ಮೂತ್ರಕೋಶ ಬಿಗಿದು ಕಲ್ಲಿನಂತಾಗಿರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತಿರುತ್ತದೆ. ಮೂತ್ರನಾಳ ಪೂರ್ತಿ ಕಟ್ಟಿಕೊಂಡರೆ ಬೆಕ್ಕಿಗೆ ಇರುವ ಕಾಲಾವಕಾಶ ಒಂದೆರಡು ದಿನ ಮಾತ್ರ. ಹೊಟ್ಟೆ ಒತ್ತಿ ನೋಡಬೇಡಿ, ನಡುರಾತ್ರಿಯಾದರೂ ಹೊರಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಬಡಾವಣೆಗೆ ಹತ್ತಿರದಲ್ಲಿ ಯಾವುದಿದೆ ಎಂದು ಬೆಕ್ಕು ಮನೆಗೆ ಬರುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.

ಔಷಧಿಯ ಬಗ್ಗೆ ಎರಡೇ ಮಾತು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ, ಅರ್ಧ ಮಾತ್ರೆಯೂ ಕೊಲ್ಲಬಲ್ಲದು. ನಾಯಿಯ ಉಣ್ಣೆಗೆಂದು ತಂದ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಹನಿಮದ್ದನ್ನು ಬೆಕ್ಕಿನ ಕತ್ತಿಗೆ ಹಾಕಿದರೆ ನಡುಕ, ಫಿಟ್ಸ್ ಬರುತ್ತವೆ.

ಊಟದ ವಿಷಯ ಮನೆಮನೆಯಲ್ಲೂ ನಾಜೂಕಾದದ್ದು. ಹಾಲು, ಮೊಸರನ್ನದಿಂದ ಬೆಕ್ಕು ಬದುಕಲಾರದು. ಅದಕ್ಕೆ ಬೇಕಾದ ಟೌರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸದಲ್ಲಿ. ಅದರ ಕೊರತೆಯಾದರೆ ಹೃದಯ ದುರ್ಬಲವಾಗುತ್ತದೆ, ದೃಷ್ಟಿ ಹೋಗುತ್ತದೆ. ಅಂಗಡಿಯ ಒಣ ಆಹಾರದಲ್ಲೂ ಮಾಂಸವಿದೆ. ಅಷ್ಟನ್ನೂ ಮನೆಯೊಳಗೆ ಒಪ್ಪಲಾಗದವರು ಬೆಕ್ಕನ್ನು ತರದಿರುವುದೇ ಒಳ್ಳೆಯದು. ಹೀಗೆ ನೇರವಾಗಿ ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳುತ್ತೇನೆ.

ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದೇವೆ ಎಂದು ನಿಶ್ಚಿಂತರಾಗಿರುವವರು ಅದನ್ನು ಕೈಯಿಂದ ಎಳೆದು ನೋಡಲಿ. ಆ ನೈಲಾನ್ ದಾರ ಬಿಸಿಲಿಗೆ ಜೀರ್ಣವಾಗುತ್ತದೆ, ಬೆಕ್ಕು ಅದನ್ನು ಕಚ್ಚಿ ಹರಿಯುತ್ತದೆ. ಸ್ಟೀಲ್ ಜಾಲರಿ ಹಾಕಿಸಿ. ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರ ಆಗುತ್ತಿದ್ದಂತೆ ಶುರು ಮಾಡಿ, ಹದಿನಾರು ವಾರದವರೆಗೆ ಮುಂದುವರಿಸಬೇಕು. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ಕಾಯಿಲೆಯಿಂದ ಮರಿ ಸತ್ತ ಮನೆಯಲ್ಲಿ ಆ ವೈರಸ್ ವರ್ಷದವರೆಗೂ ಉಳಿಯಬಲ್ಲದು; ಅಂಥ ಮನೆಗೆ ಲಸಿಕೆ ಪೂರ್ಣಗೊಂಡ ದೊಡ್ಡ ಬೆಕ್ಕನ್ನೇ ತನ್ನಿ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಐದು ತಿಂಗಳೊಳಗೆ ಮುಗಿಸಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು.

ದತ್ತು ಹೋದ ಬೆಕ್ಕು ಮತ್ತೆ ಬೀದಿಗೆ ಬರುವ ಇನ್ನೊಂದು ಸಂದರ್ಭವಿದೆ: ಮನೆಯ ಸೊಸೆ ಗರ್ಭಿಣಿಯಾದಾಗ. ಹಿರಿಯರ ಆತಂಕ ಸುಳ್ಳಲ್ಲ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಸೋಂಕು ಗರ್ಭಕ್ಕೆ ಅಪಾಯವೇ. ಆದರೆ ಬೆಕ್ಕು ಸಾಮಾನ್ಯವಾಗಿ ಅದರ ಮೊಟ್ಟೆಗಳನ್ನು ಮಲದಲ್ಲಿ ಹೊರಹಾಕುವುದು ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರ ಮಾತ್ರ. ಆ ಮೊಟ್ಟೆಗಳು ಸೋಂಕು ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಅರೆಬೆಂದ ಮಾಂಸ, ಸರಿಯಾಗಿ ತೊಳೆಯದ ಸೊಪ್ಪಿನಿಂದಲೂ ಇದೇ ಸೋಂಕು ಬರುತ್ತದೆ. ಮನೆಯೊಳಗೇ ಇದ್ದು, ಬೇಯಿಸಿದ್ದನ್ನೋ ಒಣ ಆಹಾರವನ್ನೋ ತಿನ್ನುವ ಬೆಕ್ಕನ್ನು ಹೊರಗಟ್ಟಲು ಕಾರಣವೇ ಇಲ್ಲ. ಟ್ರೇಯನ್ನು ಪ್ರತಿದಿನ ಶುಚಿ ಮಾಡಿ. ಆ ತಿಂಗಳುಗಳಲ್ಲಿ ಅದು ಗಂಡನ ಕೆಲಸವಾಗಲಿ.