ಬ್ಯಾಂಡೇಜಾ, ಹೊಲಿಗೆಯಾ? ಓಷಾ ದಾಖಲೆ ಬಗ್ಗೆ ಒಂದಿಷ್ಟು ಟಿಪ್ಪಣಿ

ಅಮೆರಿಕದ ಕಾರ್ಖಾನೆಗಳ ಸುರಕ್ಷತೆ ದಾಖಲೆ ಬರೆಯುವ ಕೆಲಸಕ್ಕೆ ಓದುತ್ತಿರುವವರಿಗೆ ಇದು. ನಾನೂ ಇನ್ನೂ ಕಲಿಯುತ್ತಿದ್ದೇನೆ. ಓಷಾ (OSHA) ಅಂದರೆ 1970ರ ಕಾಯ್ದೆಯಿಂದ ಹುಟ್ಟಿದ, ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆ.

ಫಾರಂಗಳು ಮೂರು. ಅಂಗಡಿ ಲೆಕ್ಕದ ಹಾಗೆ ನೋಡಿದರೆ 301 ಒಂದೊಂದು ಅಪಘಾತದ ಬಿಲ್ಲು, 300 ಖಾತೆ ಪುಸ್ತಕ, 300ಎ ವರ್ಷದ ಕೊನೆಯ ಮೊತ್ತ. ವಿಷಯ ಗೊತ್ತಾದ 7 ದಿನದೊಳಗೆ ಮೊದಲೆರಡರಲ್ಲಿ ಬರೆದಿರಬೇಕು. ಆ ವರ್ಷ ಮುಗಿದ ಮೇಲೆ 5 ವರ್ಷ ಕಾಪಾಡಬೇಕು.

ತಲೆ ಕೆಡುವುದು ಯಾವುದನ್ನು ಬರೆಯಬೇಕು ಅನ್ನುವಲ್ಲಿ. ಕೆಲಸ ಮಾಡುವಾಗ ತಗಡು ತಗುಲಿ ಒಬ್ಬನ ಬೆರಳು ಕುಯ್ದಿತು ಅಂದುಕೊಳ್ಳಿ. ತೊಳೆದು ಪಟ್ಟಿ ಸುತ್ತಿದರು, ಟಿಟಿ ಇಂಜೆಕ್ಷನ್ ಕೊಟ್ಟರು. ಇದು ಬರೀ ಪ್ರಥಮ ಚಿಕಿತ್ಸೆ, ಬರೆಯಬೇಕಿಲ್ಲ. ಅದೇ ಗಾಯಕ್ಕೆ ಒಂದೇ ಒಂದು ಹೊಲಿಗೆ ಬಿತ್ತೋ, ದಾಖಲೆಗೆ ಬಂತು. ಅಂದರೆ ಗಾಯ ಎಷ್ಟು ದೊಡ್ಡದು ಅಂತಲ್ಲ, ಅದಕ್ಕೆ ಏನು ಮಾಡಿದರು ಅನ್ನುವುದೇ ಲೆಕ್ಕ. ಎಕ್ಸ್‌ರೇ ತೆಗೆಸಿದರೆ ಅದು ಪರೀಕ್ಷೆ ಅಷ್ಟೇ, ಚಿಕಿತ್ಸೆ ಅಲ್ಲ. ಮಾತ್ರೆಯಲ್ಲೂ ಗೆರೆ ಇದೆ: ಐಬುಪ್ರೊಫೆನ್ ಒಂದು ಸಲಕ್ಕೆ 467 ಮಿಲಿಗ್ರಾಂ ದಾಟಬಾರದು. 400ರ ಮಾತ್ರೆ ಒಂದು ಕೊಟ್ಟರೆ ಪ್ರಥಮ ಚಿಕಿತ್ಸೆ, ಒಟ್ಟಿಗೆ ಎರಡು ನುಂಗಲು ಡಾಕ್ಟರು ಹೇಳಿದರೆ ದಾಖಲೆ. ವಿಚಿತ್ರ, ಅಲ್ವಾ?

ಇನ್ನೊಂದು ಕಡೆ ಎಡವುವುದು ಜಾಸ್ತಿ. ಬರೀ ಪಟ್ಟಿ ಸುತ್ತಿದ್ದರೂ, ಡಾಕ್ಟರು "ನಾಳೆ ಕೆಲಸಕ್ಕೆ ಹೋಗಬೇಡ" ಅಂದರೆ ಬರೆಯಲೇಬೇಕು. ಗಾಯವಾದ ದಿನ ಎಣಿಕೆಗಿಲ್ಲ. ಶುಕ್ರವಾರ ಗಾಯ, "ಸೋಮವಾರದಿಂದ ಹೋಗು" ಅಂತ ಚೀಟಿ ಕೊಟ್ಟರು. ಶನಿವಾರ, ಭಾನುವಾರ ಹೇಗಿದ್ದರೂ ರಜೆ. ಆದರೂ 2 ದಿನ ಅಂತಲೇ ಬರೆಯಬೇಕು. 180 ದಿನಕ್ಕೆ ಎಣಿಕೆ ನಿಲ್ಲಿಸಬಹುದು.

ಹಿಂದಿನ ವರ್ಷ ಯಾವತ್ತೂ 10 ಜನಕ್ಕಿಂತ ಜಾಸ್ತಿ ಇರದ ಕಂಪನಿಗೆ ಸಾಮಾನ್ಯವಾಗಿ ಈ ಫಾರಂಗಳಿಂದ ವಿನಾಯಿತಿ. ಆದರೆ ದೊಡ್ಡ ಅಪಘಾತವಾದಾಗ ಓಷಾಗೆ ತಿಳಿಸುವುದರಿಂದ ವಿನಾಯಿತಿ ಇಲ್ಲ. ಸಾವಾದರೆ 8 ಗಂಟೆಯೊಳಗೆ, ಗಾಯಾಳುವನ್ನು ಆಸ್ಪತ್ರೆಗೆ ಅಡ್ಮಿಟ್ ಮಾಡಿಕೊಂಡರೆ, ಕೈಬೆರಳಂಥ ಅಂಗ ತುಂಡಾದರೆ ಅಥವಾ ಕಣ್ಣುಗುಡ್ಡೆಯೇ ಹೋದರೆ 24 ಗಂಟೆಯೊಳಗೆ ಓಷಾಗೆ ತಿಳಿಸಬೇಕು. ಚಿಕ್ಕ ಕಂಪನಿ, ದೊಡ್ಡ ಕಂಪನಿ ಅಂತ ಭೇದವಿಲ್ಲ.

ಇನ್ನು ಗೋಡೆಯ ವಿಷಯ. ಕೆಲಸಗಾರರ ಹಕ್ಕು ಹೇಳುವ ಓಷಾ ಪೋಸ್ಟರ್ ವರ್ಷಪೂರ್ತಿ ಇರಬೇಕು. ಓಷಾ ತಪ್ಪು ಹಿಡಿದು ನೋಟಿಸ್ ಕೊಟ್ಟಿದ್ದರೆ, ತಪ್ಪು ನಡೆದ ಜಾಗದ ಹತ್ತಿರವೇ ಅಂಟಿಸಬೇಕು: 3 ಕೆಲಸದ ದಿನ ಅಥವಾ ತಪ್ಪು ಸರಿಹೋಗುವ ತನಕ, ಯಾವುದು ತಡವೋ ಅಲ್ಲಿಯವರೆಗೆ. ಮ್ಯಾನೇಜರ್ ರೂಮಿನ ಬಾಗಿಲ ಹಿಂದೆ ಅಂಟಿಸಿ ಕೈ ತೊಳೆದುಕೊಳ್ಳುವಂತಿಲ್ಲ.

ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಹಿಂದಿನ ವರ್ಷದ 300ಎ ಹಾಕಬೇಕು. ಗಮನಿಸಿ, 300 ಅಲ್ಲ. ಅದರಲ್ಲಿ ಹೆಸರುಗಳಿರುತ್ತವೆ, 300ಎಯಲ್ಲಿ ಬರೀ ಮೊತ್ತ. ಸಹಿ ಹಾಕಬೇಕಾದವರು ಮಾಲೀಕರು ಅಥವಾ ಆ ಜಾಗದ ಅತಿ ದೊಡ್ಡ ಅಧಿಕಾರಿಯಂಥವರು, ಫಾರಂ ತುಂಬಿದ ಗುಮಾಸ್ತ ಅಲ್ಲ. ಈ ನಿಯಮ ನನಗೆ ಹಿಡಿಸಿತು.

ವರ್ಷಪೂರ್ತಿ ಒಂದು ಅಪಘಾತವೂ ಆಗಿಲ್ಲವಾ? ಮಾಕ್ ಟೆಸ್ಟಿನಲ್ಲಿ ನಾನು "ಹಾಗಾದರೆ ಅಂಟಿಸಬೇಕಿಲ್ಲ" ಅಂತ ಬರೆದು ಅಂಕ ಕಳೆದುಕೊಂಡೆ. ಸೊನ್ನೆ ಬರೆದು, ಸಹಿ ಹಾಕಿಸಿ, ಅದನ್ನೂ ಮೂರು ತಿಂಗಳು ಗೋಡೆಗೆ ಹಾಕಬೇಕು.